ಗಾಜಿನ ಮೇಲೆ ವಿಭೂತಿ

ತೊಂಬತ್ತರ ದಶಕದ ಆರಂಭದಲ್ಲಿ, ನನ್ನ ಸಂಶೋಧನೆಗೆಂದು ಬಿಂಡಿಗನವಿಲೆಯ ದೊಡ್ಡಮ್ಮನ ಮನೆಯ ತಾರಸಿಯಲ್ಲಿ ಬಿಸಿಲು ಅಳೆಯುವ ಉಪಕರಣವೊಂದನ್ನು ಇಟ್ಟಿದ್ದೆ. ಮೂರು ಕಾಲು, ಕರಿ ತಟ್ಟೆ, ಅದರ ಮೇಲೆ ಬೋರಲು ಹಾಕಿದ ಗಾಜಿನ ಬಟ್ಟಲು. ಅದು ಅಳೆದಂತೆ ಕೆಳಗಿನ ಕೋಣೆಯಲ್ಲಿ ಒಂದು ಪೆನ್ನು ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು. ಭೂಮಿಗೆ ಬರುವ ಬಿಸಿಲೆಷ್ಟು, ಅದರಲ್ಲಿ ಬೆಳಕಾಗಿ, ಕಾವಾಗಿ ಹಿಂದಿರುಗುವುದೆಷ್ಟು ಎಂದು ಉಪಗ್ರಹ ಮೇಲಿನಿಂದ ಅಳೆಯುತ್ತಿತ್ತು. ನೆಲ ಮುಟ್ಟಿದ್ದನ್ನು ನಾನು ಅಳೆದು ಅದರೊಂದಿಗೆ ಹೋಲಿಸಬೇಕಿತ್ತು.

“ಕೊಟ್ಟಿದ್ದೆಷ್ಟು, ತಿರುಗ್ಸಿದ್ದೆಷ್ಟು ಅಂತಾನಾ? ಮುಯ್ಯಿ ಲೆಕ್ಕ ಅನ್ನು,” ಎಂದಿದ್ದರು ದೊಡ್ಡಮ್ಮ.

ಉಪಗ್ರಹ ಹಾಯುವ ಹೊತ್ತಿಗೆ ಆಕಾಶ ತಿಳಿಯಾಗಿರಬೇಕು. ಆ ಮಳೆಗಾಲದಲ್ಲಿ ಅಂಥ ಒಂದು ದಿನವೂ ಒದಗಲಿಲ್ಲ. ದಸರೆ ಮುಗಿಯುವುದರೊಳಗೆ ಸಿಗದಿದ್ದರೆ ಉಪಕರಣವನ್ನು ಬೇರೆಯವರಿಗೆ ಕೊಡುವುದಾಗಿ ಮೈಸೂರಿನ ನನ್ನ ಮೇಷ್ಟರು ಹೇಳಿದ್ದರು.

ಆಯುಧಪೂಜೆಯ ದಿನ ಮೋಡ ಹರಿಯಿತು. ಗಾಜು ಒರೆಸುವ ಡಿಸ್ಟಿಲ್ಡ್ ವಾಟರ್ ತೀರಿದ್ದರಿಂದ ನಾಗಮಂಗಲದ ಬ್ಯಾಟರಿ ಅಂಗಡಿಗೆ ಹೋಗಿ, ಬಾಳೆಕಂದು ಕಟ್ಟಿದ ಬಸ್ಸಿನಲ್ಲಿ ಮರಳಿದೆ. ಮಧ್ಯಾಹ್ನ ಉಪಗ್ರಹ ಹಾಯಲು ಅರ್ಧ ಗಂಟೆಯೂ ಇರಲಿಲ್ಲ. ತಾರಸಿ ಹತ್ತಿ ನೋಡಿದರೆ ಗಾಜಿನ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ನೆತ್ತಿಯಲ್ಲಿ ಚೆಂಡುಹೂ.

ಹಿಂದೆಯೇ ದೊಡ್ಡಮ್ಮ ಬಂದರು. “ಗುದ್ಲಿ, ಕುಡ್ಲು, ಟ್ರಾಕ್ಟರು ಎಲ್ಲಕ್ಕೂ ಇಕ್ಬುಟ್ಟು, ನಿನ್ ಮಿಸಿನ್ನ ಬುಟ್ರೆ ಅದೇನ್ ಅಂದ್ಕೊಂಡಾತು?”

“ಚೆನ್ನಾಗಿದೆ ದೊಡ್ಡಮ್ಮ. ಆದ್ರೆ ಈಗ ಇದಕ್ಕೆ ಕಣ್ಣು ಕಾಣಲ್ಲ.”

ಅವರ ಮುಖ ಇಳಿಯಿತು. “ಹಾಳ್ ಮಾಡ್ಬುಟ್ನಾ?”

“ಇಲ್ಲ, ಒರೆಸಿದ್ರೆ ಸಾಕು.”

“ಪೂಜೆ ಮಾಡಿದ್ ದಿನ್ವೇ ಒರ್ಸಾದಾ?”

ನಾನು ತಂದ ನೀರಿನಲ್ಲಿ ಬಟ್ಟೆ ಒದ್ದೆ ಮಾಡಿಕೊಂಡೆ. ದೊಡ್ಡಮ್ಮ ಒಮ್ಮೆ ಸೂರ್ಯನನ್ನು ನೋಡಿ, ನನ್ನತ್ತ ಕೈಚಾಚಿದರು.

“ಕೊಡಿಲ್ಲಿ. ಇಕ್ದೋಳೇ ತಗೀತೀನಿ, ದೋಸ ನಂಗಿರ್ಲಿ. ಮೊಕಕ್ ಬ್ಯಾಡ್ದಿದ್ರೆ ಕಾಲ್ಗಿಕ್ತೀನಿ.”

ಕೂಸಿನ ಮುಖ ಒರೆಸುವ ಹಾಗೆ ಒರೆಸಿದರು. ಆಮೇಲೆ ಮೂರು ಕಾಲಿಗೂ ವಿಭೂತಿ ಹಚ್ಚಿದರು. ಉಪಗ್ರಹ ಕಣ್ಣಿಗೆ ಬೀಳುವಂಥದ್ದಲ್ಲ ಎಂದು ನಾನು ಹೇಳಿದರೂ ಬಿಸಿಲಿಗೆ ಸೆರಗನ್ನು ಮರೆ ಹಿಡಿದು ಮೇಲೆ ನೋಡುತ್ತಲೇ ಇದ್ದರು.

“ಓಯ್ತಾ?”

ಗಡಿಯಾರ ನೋಡಿ ಹೇಳಿದೆ, “ಹೋಯ್ತು.”

ಮೈಸೂರಿನಲ್ಲಿ ಮೇಷ್ಟರು ಸುರುಳಿ ಬಿಡಿಸಿ, ಬೆಳಗಿನ ಗೆರೆ ತಗ್ಗಿದ್ದ ಕಡೆ ಬೆರಳಿಟ್ಟರು. “ತಿಳಿ ಆಕಾಶ ಅಂದಿರಿ. ಇಲ್ಲಿ ಮೋಡ ಇದೆಯಲ್ಲ?”

“ಮೋಡ ಅಲ್ಲ ಸರ್, ವಿಭೂತಿ.”

ಅವರು ನನ್ನನ್ನು ನೋಡಿದರು. ಬೆರಳು ನಿಧಾನವಾಗಿ ಮಧ್ಯಾಹ್ನದವರೆಗೆ ಸರಿಯಿತು. ಅಲ್ಲಿ ಗೆರೆ ನುಣುಪಾಗಿ ಮೇಲೇರಿತ್ತು. ಉಪಕರಣ ತಾರಸಿಯಲ್ಲೇ ಉಳಿಯಿತು. ಮರುವರ್ಷದ ಆಯುಧಪೂಜೆಗೆ ದೊಡ್ಡಮ್ಮ ನನ್ನನ್ನು ಕೇಳದೆಯೇ ಅದರ ಕಾಲಿಗೆ ವಿಭೂತಿ ಹಚ್ಚಿದರು.