ಗುರುಶಾಂತಮ್ಮ ಎರಡನೇ ಸಲ ಇಟ್ಟ ಹೆಸರು

ಹರಿಹರದ ಗುರುಶಾಂತಮ್ಮನ ಎದುರು ಯಾರಾದರೂ ಸೀನಿದರೆ ಸಾಕು, ಕಷಾಯದ ಪಾತ್ರೆ ಒಲೆ ಏರುತ್ತಿತ್ತು. ಕೇಳಿದವರಿಗೂ ಮದ್ದು, ಕೇಳದವರಿಗೂ ಮದ್ದು. ಆಕೆಯ ಗಂಡ ಗಟ್ಟಿಮುಟ್ಟಾಗಿ ಉಳಿದದ್ದು ಬರೀ ಹೆದರಿಕೆಯಿಂದ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ತೊಂಬತ್ತೆಂಟನೇ ಇಸವಿಯಲ್ಲಿ ಒಂದು ದಿನ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಿಂದ ತಮ್ಮ ವಾಮದೇವಪ್ಪನ ಫೋನು ಬಂತು. ಕಾಲೇಜು ಓದುವ ಮಗ ಬಕ್ಕೇಶ ಊಟ ಬಿಟ್ಟಿದ್ದಾನೆ, ಮಾತು ಬಿಟ್ಟಿದ್ದಾನೆ, ಕೋಣೆಯಿಂದ ಹೊರಗೇ ಬರುತ್ತಿಲ್ಲ. ಅವನು ಫೋನು ಇಡುವಷ್ಟರಲ್ಲಿ ಗುರುಶಾಂತಮ್ಮ ಬಸ್ ಸ್ಟ್ಯಾಂಡಿನಲ್ಲಿದ್ದಳು.

ಬಂದವಳೇ ಕಾಮಾಲೆಯೆಂದು ಸೊಪ್ಪಿನ ರಸ ಕುಡಿಸಿದಳು. ದೃಷ್ಟಿಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿ ಹೊರಗೋಡಿದ್ದರಿಂದ ದೃಷ್ಟಿಯಲ್ಲವೆಂದು ಖಾತ್ರಿಯಾಯಿತು. ಬಕ್ಕೇಶ ಮಾತ್ರ ಆ ಹೊಗೆಯಲ್ಲೂ ಗೋಡೆ ನೋಡುತ್ತ ಕೂತಿದ್ದ. ಈ ಕೂಸು ಕೈಬಿಟ್ಟು ಹೋದೀತೆಂದು ಹೆದರಿ, ಮೊದಲ ಸಲ ಆಕೆ ತನ್ನ ಮದ್ದುಗಳನ್ನು ಪಕ್ಕಕ್ಕಿಟ್ಟಳು.

ಮರುದಿನ ವಿದ್ಯಾನಗರದ ಮನೋರೋಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಬಕ್ಕೇಶನಿಗೆ ಕೇಳಿದ್ದಕ್ಕೆಲ್ಲ ಗುರುಶಾಂತಮ್ಮನೇ ಉತ್ತರ ಕೊಟ್ಟಳು.

"ನಿದ್ದೆ ಬರುತ್ತಾ?"

"ಎಲ್ಲಿ ಬರ್ತೈತ್ರಿ, ಹೊಟ್ಟಿಗೆ ಏನಾರ ಬಿದ್ರಲ್ಲ."

ಕೊನೆಗೆ ಡಾಕ್ಟರು ಆಕೆಯನ್ನು ಹೊರಗೆ ಕೂಡಿಸಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತಿನ ಮೇಲೆ ಒಳಗೆ ಕರೆದರು.

"ಅತ್ತಿ," ಎಂದಿತು ಕೂಸು, ತಲೆ ತಗ್ಗಿಸಿಕೊಂಡೇ. "ನಾನು ಹುಡುಗ ಅಲ್ಲ. ಸಣ್ಣಾಕಿ ಇದ್ದಾಗಿಂದ್ಲೂ ಹುಡುಗಿನೇ. ಯಾರಿಗೆ ಹೇಳ್ಬೇಕು ಗೊತ್ತಾಗ್ಲಿಲ್ಲ. ನನ್ನಷ್ಟಕ್ಕ ನಾನು ಅಂಕಿತಾ ಅಂತ ಕರ್ಕಂತೀನಿ."

"ಇದು ಕಾಯಿಲೆ ಅಲ್ಲಮ್ಮ," ಎಂದರು ಡಾಕ್ಟರು. "ಬಚ್ಚಿಟ್ಟುಕೊಂಡು ಬದುಕಿ ಮನಸ್ಸು ಸೋತಿದೆ. ವಾರ ವಾರ ಕರ್ಕೊಂಡು ಬನ್ನಿ, ನಾನು ಮಾತಾಡ್ತೀನಿ. ಮನೇಲೂ ಆ ಹೆಸರಲ್ಲಿ ಕರೆಯೋರು ಬೇಕು."

ಗುರುಶಾಂತಮ್ಮನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹೆಸರಿನ ವಿಷಯ ಮಾತ್ರ ಪೂರ್ತಿ ತಿಳಿಯಿತು. "ಹೆಸರಿಡೋದು ಸೋದರತ್ತಿ ಕೆಲಸ ಅಲ್ಲೇನ್ರಿ. ಮದ್ಲು ಇಟ್ಟಾಕಿನೂ ನಾನೇ. ನಡಿಯವ್ವಾ," ಎಂದು ಎದ್ದಳು.

ಮನೆಯಲ್ಲಿ ವಿಷಯ ಕೇಳಿದ ವಾಮದೇವಪ್ಪ, "ಜನ ಏನಂತಾರಕ್ಕ," ಎಂದು ಪೇಪರ್ ಅಡ್ಡ ಹಿಡಿದು ಕೂತುಬಿಟ್ಟ.

"ಜನಾನ ಆಮ್ಯಾಲೆ ಕೇಳಣ. ಈಗ ಕೂಸು ಉಣ್ಣವಲ್ದು," ಎಂದಳು ಅಕ್ಕ.

ತೊಟ್ಟಿಲಿನಲ್ಲಿ ಹಿಡಿಸುವ ವಯಸ್ಸಲ್ಲ. ಪಡಸಾಲೆಯ ತೂಗುಮಂಚದ ಮೇಲೆ ಅಂಕಿತಾಳನ್ನು ಮಲಗಿಸಿದರು. ಮೊಣಕಾಲಿನಿಂದ ಕೆಳಗೆ ಎಲ್ಲ ಹೊರಗೇ ಇತ್ತು. ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದುವಾಗ ಆ ಅತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿ. ಗುದ್ದಲು ಇದ್ದವಳು ತಾಯಿ ಕೊಟ್ರವ್ವ ಒಬ್ಬಳೇ. ಗಂಡನ ಅಕ್ಕನ ಕಷಾಯಗಳನ್ನು ಮದುವೆಯಾದಾಗಿನಿಂದ ಬಾಯಿಮುಚ್ಚಿ ನುಂಗಿದ್ದ ಅವಳು ಒಂದು ಗುದ್ದಿಗೆ ನಿಲ್ಲಿಸಲಿಲ್ಲ.

"ಸಾಕು ಬಿಡೇ, ಹೆಸರು ಹೇಳಾಕ ಉಸಿರಾರ ಇರ್ಲಿ," ಎಂದು ಗುರುಶಾಂತಮ್ಮ ಒದ್ದಾಡಿದಳು.

ತೂಗುಮಂಚದ ಮೇಲಿನಿಂದ ನಗು ಬಂತು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ, ಕೊಟ್ರವ್ವ ಅಳುತ್ತ ಅಳುತ್ತಲೇ ಇನ್ನೊಂದು ಗುದ್ದಿದಳು. ಗುರುಶಾಂತಮ್ಮ ಹೆಸರು ಊದಿ ಮುಗಿಸಿ ಕೆಮ್ಮುತ್ತ ನೆಲಕ್ಕೆ ಕೂತಳು.

ಪೇಪರ್ ಕೆಳಗಿಳಿಯಿತು. ವಾಮದೇವಪ್ಪ ನಗುವ ಮಗಳ ಮುಖವನ್ನು ನೋಡಿ ಪೇಪರ್ ಮಡಚಿಟ್ಟ.

"ಅಂಕಿತಾ," ಎಂದ, "ನಿಮ್ಮತ್ತಿಗೆ ನೀರು ಕೊಡವ್ವ. ಆಮ್ಯಾಲೆ ನನ್ನ ಜತಿ ಉಣ್ಣಾಕ ಕೂಡು."