ವಹಿಯಲ್ಲಿ ಹೆಚ್ಚಾದ ಇಲಿ

ನಾನು ನಾರಾಯಣಖೇಡದ ಶಾಲೆಯಲ್ಲಿ ಮಾಸ್ತರನಾಗಿದ್ದದ್ದು ನಿಜಾಮರ ಆಳ್ವಿಕೆಯ ಕಾಲದಲ್ಲಿ. ಒಂದು ಚಳಿಗಾಲ ಹೈದರಾಬಾದಿನ ಸಾಹೇಬರೊಬ್ಬರು ಜಹೀರಾಬಾದಿನಲ್ಲಿ ರೈಲಿಳಿದು, ಚಕ್ಕಡಿಯಲ್ಲಿ ನಮ್ಮೂರಿಗೆ ಬಂದರು. ಕಲ್ಹೇರ್ ಕಡೆಯ ಕುರುಚಲು ಕಾಡಿನಲ್ಲಿ ಇಲಿ, ಅಳಿಲು, ಮುಂಗುಸಿಯಂಥ ಸಣ್ಣ ಪ್ರಾಣಿಗಳು ಯಾವ್ಯಾವುವಿವೆ, ಎಷ್ಟಿವೆ ಎಂದು ಎಣಿಸುವುದು ಅವರ ಕೆಲಸ. ಕನ್ನಡದಲ್ಲಿ ಕೇಳಿ ಉರ್ದುವಿನಲ್ಲಿ ಬರೆಯಲು ಒಬ್ಬರು ಬೇಕಿತ್ತು. ಸಂಬಳವಿಲ್ಲ ಎಂದರೂ ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ದೊಡ್ಡವರ ಕಣ್ಣಿಗೆ ಬೀಳುವ ಚಪಲ ನನಗೆ ಆಗ ಬಹಳವಿತ್ತು.

ದಾರಿ ತೋರಿಸಲು ಕಾಡಂಚಿನ ಊರಿನ ಮುದುಕರೊಬ್ಬರು ಬಂದರು. ಕೊರಳಲ್ಲಿ ಲಿಂಗ; ಹುಟ್ಟಿದಂದಿನಿಂದ ಮಾಂಸ ಮುಟ್ಟಿದವರಲ್ಲ. ಸುಗ್ಗಿಯಲ್ಲಿ ಊರಿನ ಕಣಗಳಲ್ಲೆಲ್ಲ ಕೊಳಗ ಹಿಡಿದು ಜೋಳ ಅಳೆಯುವವರು ಅವರೇ. ಅವರು ಅಳೆದದ್ದನ್ನು ಇನ್ನೊಬ್ಬರು ಅಳೆದು ನೋಡುತ್ತಿರಲಿಲ್ಲ. ಎಲ್ಲರಂತೆ ನಾನೂ ಅವರನ್ನು ಮುತ್ಯಾ ಎನ್ನುತ್ತಿದ್ದೆ.

ಸಂಜೆ ಬೋನುಗಳಲ್ಲಿ ಸೇಂಗಾ ಇಟ್ಟು ಬರುವುದು, ಬೆಳಗ್ಗೆ ಹೋಗಿ ನೋಡುವುದು. ಸಿಕ್ಕವನ್ನು ಸಾಹೇಬರು ಅಳೆದು, ತೂಗಿ, ಮತ್ತೆ ಕಾಡಿಗೇ ಬಿಡುತ್ತಿದ್ದರು. ಮುಳ್ಳಿನೊಳಗೆ ನುಗ್ಗುವವರು ಮುತ್ಯಾ. ಹೊರಗೆ ಬಂಡೆಯ ಮೇಲೆ ವಹಿ ಹಿಡಿದು ಕೂರುವವನು ನಾನು. ಪ್ರಾಣಿ ಸಿಕ್ಕಾಗಲೆಲ್ಲ ಅವರು ಒಳಗಿನಿಂದ ಎಣಿಕೆಯನ್ನೂ ಹೆಸರನ್ನೂ ಕೂಗುವರು, ನಾನು ಬರೆಯುವೆ. ಮೊದಲನೆಯದಕ್ಕೆ ‘ಲಾಭ’ ಎನ್ನುತ್ತಿದ್ದರು. ಅದು ಕಣದ ರೂಢಿಯೆಂದು ನನಗೂ ಗೊತ್ತಿತ್ತು. ಮೊದಲ ಕೆಲವು ದಿನ ನಾಲ್ಕೈದಕ್ಕಿಂತ ಹೆಚ್ಚು ಸಿಗಲಿಲ್ಲ.

ಒಂದು ದಿನ ಮಾತ್ರ ಬಹಳ ಸಿಕ್ಕವು. “ಐದು, ಇಲಿ” ಎಂದು ಕೂಗಿದರು. “ಆರು, ಅಳಿಲು” ಎಂದರು. ಆಮೇಲೆ “ಮತ್ತೊಂದು, ಅಳಿಲು”. ಅದೇ ಬೋನಿನಲ್ಲಿ ಇನ್ನೊಂದು ಇದೆಯೆಂದುಕೊಂಡು ಆರರ ಸಾಲಿನಲ್ಲೇ ಎರಡು ಅಳಿಲು ಬರೆದೆ. ಮುಂದಿನ ಕೂಗು “ಎಂಟು, ಇಲಿ”. ಏಳರ ಸಾಲು ಖಾಲಿ. ಗಾಳಿಗೆ ನನಗೇ ಕೇಳಿಸಿಲ್ಲ ಎಂದು ತಿಳಿದೆ. ಕೂಗಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಸಾಹೇಬರಿದ್ದರು, ಮಾಸ್ತರನ ಕಿವಿ ಮಂದ ಎಂದುಕೊಂಡಾರೆಂಬ ನಾಚಿಕೆ. ಏಳರ ಮುಂದೆ ‘ಇಲಿ’ ಎಂದು ಬರೆದುಬಿಟ್ಟೆ. ಸುಳ್ಳು ಲೆಕ್ಕ ಬರೆದ ಮಕ್ಕಳ ಕೈಗೆ ಬೆತ್ತದ ರುಚಿ ತೋರಿಸುತ್ತಿದ್ದ ಮಹಾನುಭಾವ ನಾನು.

ಡೇರೆಗೆ ಬಂದು ನೋಡಿದರೆ ಬೋನುಗಳಲ್ಲಿ ಒಂಬತ್ತು ಪ್ರಾಣಿ, ವಹಿಯಲ್ಲಿ ಹತ್ತು. ಕಡಿಮೆ ಬಿದ್ದದ್ದು ಒಂದು ಇಲಿ.

“ಮುದುಕ ಸಾರಿಗೆ ಇಟ್ಕೊಂಡಾನ್ರಿ” ಎಂದು ಸಾಹೇಬರ ಜವಾನ ನಕ್ಕ.

ಸಾಹೇಬರು ಒಳ್ಳೆಯವರು. ಒಂದು ಇಲಿ ತಾನೇ, ಮಾಫ್ ಮಾಡಿದೆ ಎಂದು ಉರ್ದುವಿನಲ್ಲಿ ಹೇಳಿದರು. ಮುತ್ಯಾ ಎಡ ಅಂಗೈಯಲ್ಲಿ ಲಿಂಗ ಹಿಡಿದುಕೊಂಡರು.

“ಮಾಫಿ ಬ್ಯಾಡ್ರಿ, ಲೆಕ್ಕ ಬೇಕ್ರಿ” ಎಂದು ಒಂದೊಂದೇ ಬೋನಿನ ಮೇಲೆ ಬಲಗೈ ಇಟ್ಟು ಎಣಿಸಿದರು. “ಲಾಭ, ಎರಡು, ಮೂರು, ನಾಕು, ಐದು, ಆರು, ಮತ್ತೊಂದು, ಎಂಟು, ಒಂಬತ್ತು.”

ಅವರ ಬಾಯಲ್ಲಿ ಏಳು ಎಂಬುದೇ ಇರಲಿಲ್ಲ. ತೆಲುಗಿನಲ್ಲಿ ಏಳಕ್ಕೆ ‘ಏಡು’ ಎನ್ನುತ್ತಾರೆ, ‘ಅಳು’ ಎನ್ನುವುದಕ್ಕೂ ಅದೇ ಮಾತು. ಕನ್ನಡದವರೂ ತೆಲುಗಿನವರೂ ಒಟ್ಟಿಗೆ ದುಡಿಯುವ ನಮ್ಮ ಕಡೆಯ ಕಣಗಳಲ್ಲಿ, ರಾಶಿಯ ಮುಂದೆ ಅಳುವಿನ ಮಾತು ಬೇಡವೆಂದು ಕನ್ನಡದ ಏಳನ್ನೂ ಬಿಟ್ಟು ‘ಮತ್ತೊಂದು’ ಎನ್ನುವುದು ವಾಡಿಕೆ. ತಾಂಡೂರಿನ ನೌಕರಿಯವರ ಮನೆಯಲ್ಲಿ ಬೆಳೆದ ನನಗೆ ಇದನ್ನೆಲ್ಲ ಆಮೇಲೆ ಬೇರೆಯವರು ಬಿಡಿಸಿ ಹೇಳಿದರು.

ತಪ್ಪು ನನ್ನದೆಂದು ಮಾತ್ರ ಆ ಗಳಿಗೆಯಲ್ಲೇ ತಿಳಿದಿತ್ತು. ಹೇಳಬೇಕೆಂದರೆ ಏಳರ ಸಾಲಿಗೆ ಇಲಿ ಎಲ್ಲಿಂದ ಬಂತೆಂದೂ ಹೇಳಬೇಕು. ಸಾಹೇಬರು ನನ್ನ ಮುಖ ನೋಡಿದರು. “ಒಂಬತ್ತೇ ಅನ್ನುತ್ತಾರೆ” ಎಂದಷ್ಟೇ ತರ್ಜುಮೆ ಮಾಡಿ ವಹಿ ಮುಚ್ಚಿದೆ. ಮುತ್ಯಾ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಮರುದಿನ ಕೆಲಸಕ್ಕೆ ಬರಲಿಲ್ಲ.

ಸಾಹೇಬರೂ ಊರು ಬಿಟ್ಟರು, ಸುಗ್ಗಿ ಬಂತು. ಮುತ್ಯಾನ ಊರಿನಲ್ಲಿ ಈ ಸಲ ಬೇರೊಬ್ಬ ಕೊಳಗ ಹಿಡಿದಿದ್ದಾನೆಂದು ಸುದ್ದಿ ಕೇಳಿದೆ. ಜವಾನನ ಮಾತು ಕಣದಿಂದ ಕಣಕ್ಕೆ ಹಬ್ಬಿತ್ತು. ಅಂದೇ ಸಾಹೇಬರಿಗೆ ಇದ್ದದ್ದನ್ನು ಇದ್ದಂತೆ ಕಾಗದ ಬರೆದು ಹಾಕಿ, ಮರುದಿನವೇ ಆ ಊರಿಗೆ ನಡೆದೆ.

ಕಣದಲ್ಲಿ ಅಳತೆ ನಡೆದಿತ್ತು. ಮುತ್ಯಾ ಒಂದು ಬದಿಗೆ ಕೂತಿದ್ದರು. ಎಲ್ಲರೆದುರು ನಿಂತು ಹೇಳಿದೆ: “ಮುತ್ಯಾನ ಲೆಕ್ಕ ಬರೋಬರಿ ಇತ್ತು. ಇಲ್ಲದ ಇಲಿ ಬರದಾವ ನಾನು. ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ.”

ಯಾರೂ ನನ್ನನ್ನು ಬೈಯಲಿಲ್ಲ. ಅಳೆಯುತ್ತಿದ್ದವನು ಎದ್ದು ಬಂದು ಕೊಳಗವನ್ನು ಮುತ್ಯಾನ ಮುಂದಿಟ್ಟ. ಅವರು ಅದಕ್ಕೆ ಅಂಟಿದ ಧೂಳನ್ನು ಅಂಗೈಯಿಂದ ಒರೆಸಿದರು.

“ನೀವು ಬಂದು ಹೇಳಿದ್ದು ಚಲೋ ಆತ್ರಿ ಮಾಸ್ತರ. ಆದ್ರ ನನ್ನ ಮಾತಿಗೆ ಇನ್ನೊಬ್ಬರ ಸಾಕ್ಷಿ ಬೇಕಾತಲ್ಲರಿ. ಇನ್ನ ಇದು ನನ್ನ ಕೈಯಾಗ ಬ್ಯಾಡ.”

ಕೊಳಗವನ್ನು ಅಳೆಯುತ್ತಿದ್ದವನ ಕಡೆಗೇ ಸರಿಸಿದರು. ಬಿಸಿಲಲ್ಲಿ ನಡೆದು ಬಂದಿದ್ದೀರೆಂದು ನನಗೆ ಮಜ್ಜಿಗೆ ತರಿಸಿದರು. ಕುಡಿಯುವವರೆಗೂ ಪಕ್ಕದಲ್ಲೇ ಕೂತಿದ್ದರು.