ಅಂಕಮ್ಮ ಕೊಟ್ಟ ಮಾತ್ರೆ

ರಾಮನಗರದ ರೇಷ್ಮೆ ಶೆಡ್ಡೊಂದರಲ್ಲಿ ಅಂಕಮ್ಮ ಇಪ್ಪತ್ತೆರಡು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ನೂಲು ತೆಗೆದವಳು. ಬೆರಳ ಸಂದುಗಳು ಬೆಳ್ಳಗೆ ನೆನೆದು ಬಿರಿಯುತ್ತಿದ್ದವು, ಉಗುರಿನ ಬುಡ ಊದಿಕೊಳ್ಳುತ್ತಿತ್ತು. ಮುದ್ದೆ ಮುರಿಯಲೂ ಆಗದಂತಾದಾಗ ಆಸ್ಪತ್ರೆಗೆ ಹೋದಳು. ಶಿಲೀಂಧ್ರದ ಸೋಂಕು, ಕೈ ಒಣಗಿರಬೇಕು ಎಂದ ಡಾಕ್ಟರಮ್ಮ ಮುಲಾಮಿನ ಜೊತೆಗೆ ವಾರಕ್ಕೊಂದರಂತೆ ಎಂಟು ಮಾತ್ರೆ ಬರೆದರು. ಬೇರೆ ಮಾತ್ರೆ ಏನಾದರೂ ತಗೊಳ್ತೀಯಾ ಎಂದೂ ಕೇಳಿದರು. ಇಲ್ಲ ಅಂದಳು. ಅವಳ ಮಟ್ಟಿಗೆ ಅದು ನಿಜ. ಮೂರು ಮಾತ್ರೆಗೆ ನೋವು ತಗ್ಗಿತು. ಉಳಿದ ಐದನ್ನು ಹಾಗೇ ಎತ್ತಿಟ್ಟಳು.

ಗಂಡ ಚಲುವಯ್ಯ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಹೃದಯದ ಕವಾಟ ಬದಲಾಯಿಸಿದ್ದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಮಾತ್ರೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಕೇಳದೆ ಬೇರೇನೂ ನುಂಗಬೇಡಿ ಎಂದು ಆಗಲೇ ಹೇಳಿದ್ದರು.

ಆ ವರ್ಷ ಸೆಕೆಗೆ ಅವನ ತೊಡೆಸಂದು ಕೆಂಪಗೆ ಎದ್ದು ಉರಿಯತೊಡಗಿತು. ಡಾಕ್ಟರಮ್ಮನಿಗೆ ತೋರಿಸಲು ನಾಚಿಕೆ.

“ನಿನ್ ಬೆರಳಿಗೆ ಕೊಟ್ಟಿದ್ ಮಾತ್ರೆ ಉಳ್ಕಂಡೈತಲ್ಲ, ಅದ್ನೇ ಕೊಡು ಕಣೆ.”

“ಡಾಕ್ಟ್ರನ್ನ ಒಂದ್ ಮಾತು ಕೇಳನ?”

“ತುರಿಕೆಗೆ ಯಾವ ಡಾಕ್ಟ್ರು, ಬುಡು.”

ಬೇಗ ವಾಸಿಯಾಗಲೆಂದು ದಿನಕ್ಕೊಂದರಂತೆ ಅವಳೇ ನೀರು ಹಿಡಿದು ಕೊಟ್ಟಳು. ಉರಿ ಕಮ್ಮಿಯಾಯಿತು. ನಾಲ್ಕನೇ ದಿನ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತು, ತೋಳಿನ ಮೇಲೆ ಅಂಗೈಯಗಲ ನೀಲಿಗಟ್ಟಿತು. ಎಲ್ಲೋ ತಗುಲಿರಬೇಕು ಅಂದುಕೊಂಡರು. ಆರನೇ ದಿನ ತಲೆನೋವು ಎಂದು ಗೋಡೆಗೊರಗಿದವನ ಮಾತು ತೊದಲಿತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಿದುಳಿನೊಳಗೆ ರಕ್ತ ಸುರಿದಿದೆ ಎಂದರು. ಹೊಸದಾಗಿ ಏನಾದರೂ ಕೊಟ್ಟಿರಾ ಎಂದು ಕೇಳಿದಾಗ ಅಂಕಮ್ಮ ಮಾತ್ರೆಯ ಹೆಸರು ಹೇಳಲಾರದೆ ಕೈಬೆರಳು ತೋರಿಸಿದಳು. ಡಾಕ್ಟರಿಗೆ ಅರ್ಥವಾಯಿತು. “ಶಿಲೀಂಧ್ರದ ಆ ಮಾತ್ರೆಯ ಜೊತೆ ಸೇರಿದರೆ ಆ ರಕ್ತದ ಮಾತ್ರೆಯ ಬಲ ಹಲವು ಪಟ್ಟು ಏರುತ್ತದಮ್ಮ. ಅವರಿಗೆ ಮೊದಲು ಬರೀ ಮುಲಾಮು ಸಾಕಿತ್ತು. ಅದನ್ನೂ ಕೇಳಿಯೇ ಹಚ್ಚಬೇಕಿತ್ತು.” ಮೂರನೇ ದಿನ ಚಲುವಯ್ಯ ತೀರಿಕೊಂಡ.

ಅವಳನ್ನು ಯಾರೂ ಬೈಯಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. ತಿಂಗಳು ಕಳೆದು ಮತ್ತೆ ಶೆಡ್ಡಿಗೆ ಹೋದಳು.

ಒಂದು ಮಧ್ಯಾಹ್ನ ಪಕ್ಕದ ಬಿಸಿನೀರಿನ ಬೇಸಿನ್ನಿನಲ್ಲಿ ನೂಲು ತೆಗೆಯುವ ರೋಶನ್ ಬೀ, “ಅಂಕಮ್ಮಕ್ಕ, ಸೊಸೆಗೆ ಕೆಳಗೆ ಒಂದೇ ಸಮ ತುರಿಕೆ. ಮೆಡಿಕಲ್ ಸ್ಟೋರಲ್ಲಿ ಮಾತ್ರೆ ತಂದ್ಬಿಡ್ಲಾ?” ಅಂದಳು.

“ಬಸುರಿ ಅಲ್ವಾ ಅವ್ಳು?”

“ಎರಡು ತಿಂಗಳು.”

ಅಂಕಮ್ಮ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಎದ್ದಳು. ಅರ್ಧ ದಿನದ ಕೂಲಿ ಬಿಟ್ಟು ರೋಶನ್ ಬೀಯ ಜೊತೆ ಆ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ಹುಡುಗಿ ನಾಚಿ ತಲೆ ತಗ್ಗಿಸಿದಾಗ ಎಲ್ಲವನ್ನೂ ತಾನೇ ಹೇಳಿದಳು. ಬಸುರಿಗೆ ನುಂಗುವ ಮಾತ್ರೆ ಬೇಡವೆಂದು ಡಾಕ್ಟರಮ್ಮ ಒಳಗಿಡುವ ಔಷಧಿ ಬರೆದು, ಏಳು ದಿನವೂ ತಪ್ಪಿಸಬೇಡ ಎಂದರು.

ಹೊರಗೆ ಬಂದಾಗ ರೋಶನ್ ಬೀ ಅಂಕಮ್ಮನ ಕೈ ಹಿಡಿದುಕೊಂಡಳು.

“ಒಂದ್ ಮಾತು ಕೇಳ್ಬೋದಾಗಿತ್ತು ಬೀಬಿ,” ಅಂದಳು ಅಂಕಮ್ಮ. “ನಾನು ಒಂದೇ ಒಂದ್ ಮಾತು ಕೇಳ್ಬೋದಾಗಿತ್ತು.”